ಮೂಟೆ ಬಂದ ದಾರಿಯಲ್ಲಿ

ಶುಕ್ರವಾರ ಸಂಜೆ ಆಯಿತೆಂದರೆ ನನ್ನ ಫೋನಿಗೆ ಪುರುಸೊತ್ತಿಲ್ಲ. ಬೆಂಗಳೂರಿನಲ್ಲಿರುವ ಕಾಲೇಜು ಗೆಳತಿಯರು, ಅವರ ಆಫೀಸಿನವರು, ಆಫೀಸಿನವರ ನಾದಿನಿಯರು, ಎಲ್ಲರದ್ದೂ ಒಂದೇ ಪ್ರಶ್ನೆ. "ಮಂಗಳೂರಿಗೆ ಬರ್ತಾ ಇದೀವಿ, ಎರಡು ದಿನ ಇದೆ. ಅಲ್ಲಿಂದ ಎಲ್ಲಿಗೆ ಹೋಗಬಹುದು ಹೇಳೆ." ಉತ್ತರ ನನಗೆ ಬಾಯಿಪಾಠವಾಗಿದೆ. ಬೆಳಿಗ್ಗೆ ಬೇಗ ಹೊರಟರೆ ಮೂಡುಬಿದಿರೆ, ಕಾರ್ಕಳ ಒಂದೇ ದಿನದಲ್ಲಿ ಮುಗಿಯುತ್ತದೆ. ಕಾಲು ಗಟ್ಟಿ ಇದ್ದರೆ ಗಡಾಯಿಕಲ್ಲು. ದಕ್ಷಿಣಕ್ಕೆ ಹೋಗುವುದಾದರೆ ಬೇಕಲ ಕೋಟೆ. ಘಟ್ಟ ಹತ್ತುವುದಾದರೆ ಸಕಲೇಶಪುರ, ಆಗುಂಬೆ, ಕುದುರೆಮುಖ. ಮಳೆಗಾಲದಲ್ಲಿ ಮಾತ್ರ ಶಿರಾಡಿ ತೆರೆದಿದೆಯಾ, ಚಾರ್ಮಾಡಿ ತೆರೆದಿದೆಯಾ ಅಂತ ಕೇಳಿಕೊಂಡೇ ಹೊರಡಿ. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಒಲೆಯ ಮೇಲಿನ ಸಾರು ಕುದಿಯುತ್ತಿರುತ್ತದೆ.

ಹೋದ ವರ್ಷ ಒಬ್ಬಳು ಈ ಪಟ್ಟಿ ಪೂರ್ತಿ ಕೇಳಿಸಿಕೊಂಡು ಒಂದು ಮಾತು ಅಂದಳು. "ಅಲ್ವೇ, ನಿಮ್ಮೂರಿನ ಸುತ್ತ ಬರೀ ಕೋಟೆ, ಬಸದಿ, ಘಾಟಿ. ಸುಮ್ನೆ ಹೋಗಿ ಕಾಲು ಚಾಚಿ ಕೂರೋ ಊರು ಒಂದೂ ಇಲ್ವಾ?" ನಾನು ನಕ್ಕು, ಸೋಮೇಶ್ವರ ಉಂಟು, ಸಸಿಹಿತ್ಲು ಉಂಟು, ಎಷ್ಟು ಬೇಕಾದರೂ ಚಾಚು ಅಂದೆ. ಫೋನಿಟ್ಟ ಮೇಲೆ ಆ ಮಾತು ಹಲ್ಲಿಗೆ ಸಿಕ್ಕಿದ ಅಡಿಕೆ ಚೂರಿನ ಹಾಗೆ ಅಲ್ಲೇ ಕೂತಿತು. ಮೂಡುಬಿದಿರೆಯಲ್ಲಿ 18 ಬಸದಿಗಳಿವೆ. ಮಂಗಳೂರಿನಿಂದ 35 ಕಿಲೋಮೀಟರ್ ಒಳಗೆ, ಸುತ್ತ ಗದ್ದೆ, ತೋಟ, ಗುಡ್ಡ. ಅಲ್ಲಿ ಅಷ್ಟೊಂದು ದುಡ್ಡು ಎಲ್ಲಿಂದ ಬಂತು? ಬೆಳ್ತಂಗಡಿಯ ಹತ್ತಿರದ ಗಡಾಯಿಕಲ್ಲು ಅನ್ನುವ ಬೋಳು ಬಂಡೆಯ ತಲೆಯ ಮೇಲೆ ಕೋಟೆ ಕಟ್ಟುವ ಕಷ್ಟ ಯಾರಿಗೆ ಬೇಕಿತ್ತು? ಐವತ್ತು ವರ್ಷ ಈ ಊರಿನಲ್ಲೇ ಇದ್ದೂ ನಾನು ಇದನ್ನು ಕೇಳಿಕೊಂಡಿರಲಿಲ್ಲ. ಉತ್ತರ ನಮ್ಮ ಮನೆಯಲ್ಲೇ, ಚಾವಡಿಯ ಆರಾಮ ಕುರ್ಚಿಯಲ್ಲಿ ಪೇಪರ್ ಓದುತ್ತಾ ಕೂತಿತ್ತು.

ಅಪ್ಪನ ನಕಾಶೆ

ನನ್ನ ಅಪ್ಪ ಬಂದರಿನ ಒಂದು ಮಂಡಿಯಲ್ಲಿ 34 ವರ್ಷ ಲೆಕ್ಕ ಬರೆದವರು. ಮಂಗಳೂರಿನವರು "ಬಂದರು" ಅಂದರೆ ಹಡಗು ನಿಲ್ಲುವ ಕಡೆ ಅಂತಷ್ಟೇ ಅಂದುಕೊಳ್ಳಬೇಡಿ. ಅದೊಂದು ಪೇಟೆ. ಇಕ್ಕಟ್ಟಾದ ಬೀದಿ, ಎರಡೂ ಕಡೆ ಉದ್ದುದ್ದ ಹೆಂಚಿನ ಗೋದಾಮು, ಮಧ್ಯೆ ಹಿಂದೆ ಮುಂದೆ ಹೋಗಲಾಗದೆ ನಿಂತ ಲಾರಿಗಳು. ಶಾಲೆಗೆ ರಜೆ ಇದ್ದಾಗ ಅಪ್ಪನಿಗೆ ಬುತ್ತಿ ಕೊಂಡುಹೋಗುವ ಕೆಲಸ ನನ್ನದು. ಬೀದಿ ತಿರುಗುವ ಮೊದಲೇ ವಾಸನೆ ಬರುತ್ತಿತ್ತು. ಗೋಣಿ, ಸುಲಿದ ಅಡಿಕೆ, ಏಲಕ್ಕಿ, ಅದರ ಮೇಲೆ ದಕ್ಕೆಯ ಕಡೆಯಿಂದ ಬರುವ ಮೀನಿನ ಗಾಳಿ. ಈಗಲೂ ಎಲ್ಲಾದರೂ ಗೋಣಿ ಮೂಸಿದರೆ ನನಗೆ ಹಸಿವಾಗುತ್ತದೆ. ಬುತ್ತಿಯ ನೆನಪು ಇರಬೇಕು.

ಅಲ್ಲಿ ನೋಡಿದ ಒಂದು ಕೆಲಸ ನನಗೆ ಮರೆತಿಲ್ಲ. ಒಳ್ಳೆಮೆಣಸಿನ ಮೂಟೆ ಬಂದರೆ ತುದಿ ಚೂಪಾದ ಕಬ್ಬಿಣದ ಕೊಳವೆಯೊಂದನ್ನು ಗೋಣಿಗೆ ಚುಚ್ಚುತ್ತಿದ್ದರು. ಒಂದು ಹಿಡಿ ಕಾಳು ಜಾರಿ ಅಪ್ಪನ ಅಂಗೈಗೆ ಬೀಳುತ್ತಿತ್ತು. (ಹೊರಗಿನವರಿಗೆ ಇದು ಕಾಳುಮೆಣಸು. ತುಳುವಿನಲ್ಲಿ ಎಡ್ಡೆ ಮುಂಚಿ. ಹಾಗಾದರೆ ಕೆಂಪು ಮೆಣಸು ಕೆಟ್ಟದ್ದಾ ಅಂತ ಚಿಕ್ಕವಳಿದ್ದಾಗ ಕೇಳಿ ಬೈಸಿಕೊಂಡಿದ್ದೇನೆ.) ಲೆಕ್ಕ ಬರೆಯುವವರಿಗೆ ಮೆಣಸು ನೋಡುವ ಕೆಲಸ ಇರಲಿಲ್ಲ, ಆದರೂ ಯಜಮಾನರು ಅಪ್ಪನನ್ನೇ ಕರೆಯುತ್ತಿದ್ದರು. ಅಪ್ಪ ಕಾಳನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಸುರಿಯುತ್ತಿದ್ದರು. ಸರಿಯಾಗಿ ಒಣಗಿದ್ದರೆ ಸದ್ದು ಬೇರೆ, ಹಸಿ ಇದ್ದರೆ ಬೇರೆ. ಆಮೇಲೆ ಮೆತ್ತಗೆ ಊದುತ್ತಿದ್ದರು. ಜಳ್ಳು ಹಾರಿ ನೆಲಕ್ಕೆ ಬೀಳುತ್ತಿತ್ತು, ಬಲಿತದ್ದು ಕೈಯಲ್ಲಿ ಉಳಿಯುತ್ತಿತ್ತು. ಆಮೇಲೆ ಒಂದು ಲೀಟರಿನ ಪಾತ್ರೆಯಲ್ಲಿ ತುಂಬಿ ತೂಕ ನೋಡುವ ಕ್ರಮವೂ ಇತ್ತು. ಅದೇ ಲೀಟರ್ ತೂಕ. ಆದರೆ ತಕ್ಕಡಿಗೆ ಹೋಗುವ ಮೊದಲೇ ಅಪ್ಪ ಹೇಳಿಯಾಗಿರುತ್ತಿತ್ತು. "ಇದು ಘಟ್ಟದ ಮೇಲಿನದ್ದು. ಇದು ಬೆಳ್ತಂಗಡಿಯದ್ದು, ಅವಸರ ಮಾಡಿ ಕೊಯ್ದಿದ್ದಾರೆ."

ಮೂಡಿಗೆರೆ, ಕಳಸ, ಸಕಲೇಶಪುರ, ಸುಳ್ಯ, ಕಾರ್ಕಳ. ಈ ಎಲ್ಲ ಊರುಗಳ ಹೆಸರು ನನಗೆ ಮೊದಲು ಗೊತ್ತಾದದ್ದು ಮೂಟೆಯ ಹೆಸರಾಗಿ. ಒಂದು ಸಲ ಕೇಳಿದೆ, "ಅಪ್ಪ, ನೀವು ಮೂಡಿಗೆರೆ ನೋಡಿದ್ದೀರಾ?"

"ನೋಡದೆ ಎಂತ? ದಿನಾ ಬರ್ತದಲ್ಲ."

ಅದೊಂದು ತಮಾಷೆ ಅಂದುಕೊಂಡು ಮನೆಯಲ್ಲಿ ಎಲ್ಲರೂ ಎಷ್ಟೋ ವರ್ಷ ಅದನ್ನೇ ಹೇಳಿಕೊಂಡು ನಕ್ಕಿದ್ದೇವೆ. ಅಪ್ಪ ಯಾವತ್ತೂ ಟೂರು ಹೋದವರಲ್ಲ. ಮದುವೆ, ಉಪನಯನ, ಧರ್ಮಸ್ಥಳಕ್ಕೆ ಹರಕೆ, ಇಷ್ಟೇ. ಭಾನುವಾರ ಮಧ್ಯಾಹ್ನ ಊಟ ಮಾಡಿ ಮಲಗಿದರೆ ಅದೇ ಅವರ ವೀಕೆಂಡು.

ಜಿರಾಫೆ

ಅಕ್ಕನ ಮಗನಿಗೆ ಆಗ ಎಂಟು ವರ್ಷ. ದಸರೆ ರಜೆಯಲ್ಲಿ ನನ್ನ ತಲೆಗೆ ಕಟ್ಟಿ ಅಕ್ಕ ಹೋಗಿದ್ದಳು. ಒಂದು ಶನಿವಾರ ಅವನನ್ನು ಮೂಡುಬಿದಿರೆಗೆ ಕರೆದುಕೊಂಡು ಹೋದೆ. ಸಾವಿರ ಕಂಬದ ಬಸದಿ ಅಂದ ಕೂಡಲೇ ಎಣಿಸಲು ಶುರು ಮಾಡಿದ. ಎಪ್ಪತ್ತರ ಹತ್ತಿರ ತಪ್ಪಿತು. ಮೊದಲಿಂದ ಎಣಿಸಿದ. ಮತ್ತೆ ತಪ್ಪಿತು. ಆಮೇಲೆ ಹಸಿವು ಅಂದ. ಎಳನೀರು ಕುಡಿಸಿದೆ, ಇನ್ನೂ ಹಸಿವು ಅಂದ. ನನಗೋ ಕಂಬ ನೋಡುವ ಆಸೆ. ಒಂದು ಕಂಬದ ಕೆತ್ತನೆಯ ಹಾಗೆ ಇನ್ನೊಂದಿಲ್ಲ ಅನ್ನುತ್ತಾರೆ, ಅದನ್ನು ಸುಳ್ಳು ಮಾಡುವ ಹಟ ನನ್ನದು. ಅವನನ್ನು ಒಂದು ಕಡೆ ಕೂರಿಸಿ, "ಅಲ್ಲೇ ಇರು, ಆ ಕಲ್ಲಿನಲ್ಲಿ ಎಷ್ಟು ಪ್ರಾಣಿ ಇದೆ ನೋಡು" ಅಂದೆ. ಮಕ್ಕಳನ್ನು ಕೂರಿಸಲು ಹೇಳುವ ಮಾತು, ಅಷ್ಟೇ.

ಐದು ನಿಮಿಷಕ್ಕೆ ಕೂಗಿದ. "ಚಿಕ್ಕಮ್ಮ, ಜಿರಾಫೆ!"

"ಜಿರಾಫೆ ಎಲ್ಲಿ ಬರ್ತದೆ ಮಾರಾಯ, ಜಿಂಕೆ ಇರಬೇಕು."

"ಜಿಂಕೆಗೆ ಇಷ್ಟುದ್ದ ಕುತ್ತಿಗೆ ಇರ್ತದಾ?"

ಹೋಗಿ ನೋಡಿದೆ. ಭೈರಾದೇವಿ ಮಂಟಪದ ಅಡಿಗಟ್ಟಿನ ಕಲ್ಲು. ಸೊಂಟದಷ್ಟು ಎತ್ತರದಲ್ಲಿ, ದೊಡ್ಡವರು ಕಂಬ ನೋಡುತ್ತಾ ದಾಟಿ ಹೋಗುವ ಜಾಗದಲ್ಲಿ. ಮಗು ಹೇಳಿದ್ದೇ ಸರಿ. ಕುತ್ತಿಗೆ ನೋಡಿದ ಮೇಲೆ ಬೇರೆ ಯಾವ ಪ್ರಾಣಿಯ ಹೆಸರೂ ಹೇಳುವ ಹಾಗಿರಲಿಲ್ಲ. ಹುಡುಕಿದರೆ ಅದೇ ಸಾಲುಗಳಲ್ಲಿ ಚೀನಾದವರ ಡ್ರ್ಯಾಗನ್ ಕೂಡ ಇದೆ. ಆಮೇಲೆ ವಿಚಾರಿಸಿದರೆ ಮೂಡುಬಿದಿರೆಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಗೊತ್ತಿಲ್ಲದ್ದು 35 ಕಿಲೋಮೀಟರ್ ದೂರದ ನನಗೆ ಮಾತ್ರ. ಹಿಂದೆ ಮೂರು ಸಲ ಬಂದಿದ್ದೆ. ಮೂರು ಸಲವೂ ತಲೆ ಎತ್ತಿಕೊಂಡೇ ನೋಡಿದ್ದೆ.

ಬಸದಿ ಕಟ್ಟಿದ್ದು 1430ರಲ್ಲಿ. ಅದಕ್ಕೆ ಕೆಲವೇ ವರ್ಷ ಮೊದಲು, 1414ರಲ್ಲಿ, ಬಂಗಾಳದ ಸುಲ್ತಾನ ಚೀನಾದ ಚಕ್ರವರ್ತಿಗೆ ಒಂದು ಜೀವಂತ ಜಿರಾಫೆಯನ್ನು ಹಡಗಿನಲ್ಲಿ ಕಳಿಸಿಕೊಟ್ಟಿದ್ದ. ಆಫ್ರಿಕಾದ ಪ್ರಾಣಿ ಬಂಗಾಳಕ್ಕೆ ಬಂದು ಅಲ್ಲಿಂದ ಚೀನಾಕ್ಕೆ ಹೋದ ಕಾಲ ಅದು. ಮೂಡುಬಿದಿರೆಯ ಶಿಲ್ಪಿ ಜಿರಾಫೆ ನೋಡಿರಲಿಕ್ಕಿಲ್ಲ. ಆದರೆ ನೋಡಿದವರನ್ನು ನೋಡಿದ್ದ, ಅಥವಾ ಅವರ ಚಿತ್ರವನ್ನೋ ಬಟ್ಟೆಯನ್ನೋ ನೋಡಿದ್ದ ಅಂತ ನನ್ನ ಊಹೆ. ಅಂಥವರು ಇಲ್ಲಿಗೆ ಯಾಕೆ ಬರುತ್ತಾರೆ? ಬಸದಿಗೆ ದುಡ್ಡು ಹಾಕಿದವರಲ್ಲಿ ಜೈನ ವ್ಯಾಪಾರಿಗಳಿದ್ದರು. ಅವರ ಮೆಣಸು ಇಳಿದು ಹೋಗುತ್ತಿದ್ದದ್ದು ಕಡಲಿಗೆ. 14ನೇ ಶತಮಾನದಲ್ಲಿ ಮಂಗಳೂರಿಗೆ ಬಂದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ, ಪರ್ಷಿಯಾ ಮತ್ತು ಯೆಮನ್ ದೇಶದ ವ್ಯಾಪಾರಿಗಳು ಇಲ್ಲಿ ಇಳಿಯುತ್ತಾರೆ, ಮೆಣಸು, ಶುಂಠಿ ಇಲ್ಲಿ ಯಥೇಚ್ಛ ಅಂತ ಬರೆದಿಟ್ಟಿದ್ದಾನೆ. ಮೆಣಸು ಕೆಳಗೆ ಹೋಯಿತು. ಕತೆ ಮೇಲೆ ಬಂತು. ಕಲ್ಲಿನಲ್ಲಿ ಕೂತಿತು.

ಇಬ್ನ್ ಬತೂತನಿಗಿಂತ ಇನ್ನೂರು ವರ್ಷ ಹಿಂದೆ ಇಲ್ಲಿ ಒಬ್ಬ ಯಹೂದಿ ವ್ಯಾಪಾರಿ ಇದ್ದ. ಅಬ್ರಹಾಂ ಬೆನ್ ಯಿಜು. ಟ್ಯುನೀಷಿಯಾ ಕಡೆಯವನು, ಏಡನ್ ಮೂಲಕ ಬಂದು 12ನೇ ಶತಮಾನದಲ್ಲಿ ಸುಮಾರು 17 ವರ್ಷ ಮಂಗಳೂರು ಸೀಮೆಯಲ್ಲೇ ಇದ್ದ. ಅವನ ಕಾಗದಪತ್ರಗಳು ಕೈರೋದ ಹಳೆಯ ಸಿನಗಾಗಿನಲ್ಲಿ ಸಿಕ್ಕಿವೆ. ಇಲ್ಲಿಂದ ಅವನು ಕಳಿಸುತ್ತಿದ್ದದ್ದು ಮೆಣಸು, ಅಡಿಕೆ, ಕಂಚಿನ ಪಾತ್ರೆ. ಅಲ್ಲಿಂದ ಅವನಿಗೆ ಬರುತ್ತಿದ್ದದ್ದು ಬರೆಯುವ ಕಾಗದ, ಸಕ್ಕರೆ, ಒಣದ್ರಾಕ್ಷಿ. ಅವನ ಲೆಕ್ಕ, ತಗಾದೆ, ಹಡಗಿನಲ್ಲಿ ಹೋದ ಮಾಲಿನ ಚಿಂತೆ ಎಲ್ಲ ಓದಿ ನನಗೆ ಮೈ ಜುಮ್ಮೆಂದಿತು. ಓಡಿಹೋಗಿ ಅಪ್ಪನಿಗೆ ಹೇಳಿದೆ. ಅಪ್ಪ ಕನ್ನಡಕ ತೆಗೆದು ಕೇಳಿದ್ದು ಒಂದೇ ಮಾತು. "ಅಡಿಕೆಗೆ ಎಷ್ಟು ರೇಟು ಸಿಕ್ಕಿತಂತೆ?"

ಆವತ್ತು ನನ್ನ ಪಟ್ಟಿ ಬೇರೆಯೇ ಆಗಿ ಕಂಡಿತು. ನಾನು ಗೆಳತಿಯರಿಗೆ ಹೇಳುತ್ತಿದ್ದ ಜಾಗಗಳೆಲ್ಲ ಅಪ್ಪನ ಮೂಟೆಗಳ ಊರುಗಳು, ಇಲ್ಲವೇ ಆ ಮೂಟೆಗಳ ದಾರಿ ಕಾಯುತ್ತಿದ್ದ ಜಾಗಗಳು. ಶನಿವಾರ ಬೆಳಿಗ್ಗೆ ಕಾರು ಹತ್ತಿ "ಊರು ಬಿಟ್ಟು ಎಲ್ಲಾದರೂ ಹೋಗೋಣ" ಅನ್ನುತ್ತೇವಲ್ಲ, ಊರು ಬಿಡಲಿಕ್ಕೆ ಆಗುವುದೇ ಇಲ್ಲ. ಬಂದರೇ ಅಷ್ಟು ದೂರ ಹಬ್ಬಿಕೊಂಡಿದೆ.

ದಾರಿ ಕಾಯುವವರು

ಕೋಟೆಗಳ ಮೇಲೆ ನನಗೆ ದೊಡ್ಡ ಪ್ರೀತಿ ಇಲ್ಲ. ಬಿಸಿಲು, ಮೆಟ್ಟಿಲು, ಗೋಡೆಯ ಮೇಲೆ ಯಾರೋ ಗೀಚಿದ ಹೃದಯ, ಬಾಣ. ಆದರೂ ಒಂದು ಸಲ ಟಿಪ್ಪುವಿನ ಮೂರು ಜಾಗಗಳನ್ನು ಒಟ್ಟಿಗೆ ಇಟ್ಟು ನೋಡಿ. ಮಂಗಳೂರಿನ ಬೋಳೂರಿನಲ್ಲಿರುವ ಸುಲ್ತಾನ್ ಬತ್ತೇರಿ 1784, ಗುರುಪುರ ನದಿಯ ದಂಡೆಯಲ್ಲಿ. ಸಕಲೇಶಪುರದ ಮಂಜರಾಬಾದ್ 1792, ಘಟ್ಟದ ತಲೆಯಲ್ಲಿ. ಗಡಾಯಿಕಲ್ಲಿನ ಜಮಲಾಬಾದ್ 1794, ಘಟ್ಟದ ಬುಡದಲ್ಲಿ. ಅಂಗಡಿಯ ಬಾಗಿಲಿಗೆ ಒಂದು ಚಿಲಕ, ಹಿತ್ತಲಿಗೆ ಎರಡು ಚಿಲಕ ಹಾಕಿದ ಹಾಗಿದೆ. ಬೇಕಲ ಕೋಟೆ ಅದಕ್ಕಿಂತ ಹಳೆಯದು, ಕೆಳದಿಯ ಶಿವಪ್ಪ ನಾಯಕನ ಕಾಲದ್ದು. ಈಗ ಅದು ಕೇರಳ. 1956ರವರೆಗೆ ನಮ್ಮದೇ ಜಿಲ್ಲೆ. ಬೇಕಲಕ್ಕೆ ಹೋದಾಗ ನನಗೆ ಪರವೂರಿಗೆ ಹೋದ ಹಾಗೆ ಅನಿಸುವುದೇ ಇಲ್ಲ. ದಾರಿಯಲ್ಲಿ ಬೋರ್ಡುಗಳ ಲಿಪಿ ಬದಲಾಗುತ್ತದೆ, ಮೀನು ಸಾರಿನ ಹುಳಿ ಸ್ವಲ್ಪ ಬದಲಾಗುತ್ತದೆ.

ಗಡಾಯಿಕಲ್ಲು ಹತ್ತಿದ್ದು ಹತ್ತು ವರ್ಷದ ಹಿಂದೆ, ಡಿಸೆಂಬರಿನಲ್ಲಿ. ಕೆಳಗೆ ಅರಣ್ಯ ಇಲಾಖೆಯವರ ಹತ್ತಿರ ಚೀಟಿ ಮಾಡಿಸಿ ಹೊರಡಬೇಕು. 1876 ಮೆಟ್ಟಿಲು ಅನ್ನುತ್ತಾರೆ. ನಾನು 400ರ ಹೊತ್ತಿಗೆ ಎಣಿಕೆ ಬಿಟ್ಟೆ, ಉಸಿರಿಗೇ ಲೆಕ್ಕ ಸಿಗುತ್ತಿರಲಿಲ್ಲ. ಬಂಡೆಯಲ್ಲೇ ಕಡಿದ ಮೆಟ್ಟಿಲು. ಹತ್ತಲಿಕ್ಕೆ ಇರುವುದು ಇದೊಂದೇ ದಾರಿ. ಮೇಲೆ ಹೋಗಿ ಕೂತರೆ ಬೆಳ್ತಂಗಡಿ ಕಡೆಯ ತೋಟ, ರಸ್ತೆ, ಗದ್ದೆ ಎಲ್ಲ ಹಾಸಿದ ಚಾಪೆಯ ಹಾಗೆ. ಘಟ್ಟದಿಂದ ಇಳಿಯುವ ಒಂದು ಎತ್ತಿನ ಗಾಡಿಯೂ ಅಲ್ಲಿ ಕೂತವನ ಕಣ್ಣು ತಪ್ಪಿಸಲು ಸಾಧ್ಯವಿಲ್ಲ. ಅಷ್ಟು ನೋಡಿದ ಮೇಲೆ ನನ್ನ ಜೊತೆ ಬಂದವರೆಲ್ಲ ಸೆಲ್ಫಿ ತೆಗೆದರು. ನಾನೂ ತೆಗೆದೆ. ಮಳೆಗಾಲದಲ್ಲಿ ಹತ್ತುವ ಸಾಹಸ ದಯವಿಟ್ಟು ಬೇಡ, ಆ ಕಲ್ಲು ಪಾಚಿ ಕಟ್ಟಿದರೆ ದೇವರೇ ಗತಿ.

ಕುದುರೆಮುಖದ ಕತೆ ನಮ್ಮ ಕಾಲದ್ದು, ಆದ್ದರಿಂದ ಯಾರೂ ಅದನ್ನು ಇತಿಹಾಸ ಅನ್ನುವುದಿಲ್ಲ. ಬಜಗೋಳಿ ದಾಟಿ, ಮಾಳ ದಾಟಿ, ಎಸ್.ಕೆ. ಬಾರ್ಡರ್ ಅನ್ನುವ ಕಡೆ ಘಟ್ಟ ಮುಗಿಯುತ್ತದೆ. ಸೌತ್ ಕೆನರಾ ಜಿಲ್ಲೆಯ ಹೆಸರೂ ಹೋಯಿತು, ಜಿಲ್ಲೆ ಒಡೆದು ಎರಡೂ ಆಯಿತು, ಬಾರ್ಡರ್ ಮಾತ್ರ ಇನ್ನೂ ಸೌತ್ ಕೆನರಾದ್ದೇ. ಚೆಕ್‌ಪೋಸ್ಟಿನಲ್ಲಿ ಹೊತ್ತು ಬರೆದ ಚೀಟಿ ಕೊಡುತ್ತಾರೆ, ಕಾಡಿನ ಮಧ್ಯೆ ಎಲ್ಲೂ ನಿಲ್ಲಿಸುವ ಹಾಗಿಲ್ಲ. ಅಲ್ಲಿಂದ ಅದಿರನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಉದ್ದದ ಪೈಪಿನಲ್ಲಿ ಪಣಂಬೂರಿಗೆ ಬಿಡುತ್ತಿದ್ದರು. ಆ ಗಣಿ ಶುರುವಾದದ್ದೇ ಇರಾನಿಗೆ ಅದಿರು ಕೊಡುವ ಒಪ್ಪಂದದಿಂದ. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಇರಾನ್ ಹಿಂದೆ ಸರಿಯಿತು. ಗಣಿ ನಿಂತದ್ದು 2005ರ ಕೊನೆಗೆ. ಇಬ್ನ್ ಬತೂತ ನೋಡಿದ್ದ ಪರ್ಷಿಯಾದ ಗಿರಾಕಿಗಳೇ ಆರುನೂರು ವರ್ಷ ಬಿಟ್ಟು ಮತ್ತೆ ಬಂದು, ಈ ಸಲ ಮಾಲು ಎತ್ತದೆ ಹೋದರು ಅಂತ ನಾನು ತಮಾಷೆ ಮಾಡುವುದುಂಟು. ಗಣಿ ನಿಂತದ್ದು ಒಳ್ಳೆಯದೇ ಆಯಿತು ಅನ್ನುವವಳು ನಾನು. ನಮ್ಮ ನಲ್ಲಿಯಲ್ಲಿ ಬರುವ ನೇತ್ರಾವತಿ ನೀರು ಹುಟ್ಟುವುದೂ ಆ ಗುಡ್ಡಗಳಲ್ಲೇ ಅಲ್ವಾ? ಆದರೆ ಖಾಲಿಯಾದ ಕಾಲೊನಿಯ ಮನೆಗಳ ಮುಂದೆ ಹಾದು ಹೋಗುವಾಗ, ಅಲ್ಲಿ ಮಕ್ಕಳನ್ನು ಬೆಳೆಸಿದವರ ಎದುರು ಅದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ.

ಹತ್ತುವವರು, ಇಳಿಯುವವರು

ಶನಿವಾರ ಬೆಳಿಗ್ಗೆ ಶಿರಾಡಿ ಘಾಟಿಯಲ್ಲಿ ಒಂದು ಮಜಾ ನೋಡಬಹುದು. ಮಂಗಳೂರಿನ ಕೆಎ 19 ನಂಬರಿನ ಕಾರುಗಳೆಲ್ಲ ಹತ್ತುತ್ತಿರುತ್ತವೆ, ಬೆಂಗಳೂರಿನ ನಂಬರಿನವೆಲ್ಲ ಇಳಿಯುತ್ತಿರುತ್ತವೆ. ಅವರಿಗೆ ಕಡಲು ಬೇಕು, ನಮಗೆ ಚಳಿ ಬೇಕು. ಮಂಗಳೂರಿನವರಿಗೆ ಕಡಲು ಅಂದರೆ ಬೆವರು. ಮನೆಗೆ ಬಂದ ನೆಂಟರನ್ನು ಪಣಂಬೂರು ಬೀಚಿಗೆ ಕರೆದುಕೊಂಡು ಹೋಗಿ, ನಾವು ಕಾರಿನ ಹತ್ತಿರವೇ ಚರುಮುರಿ ತಿನ್ನುತ್ತಾ ನಿಂತಿರುತ್ತೇವೆ. ಹಿಂದೆ ಇದೇ ಘಟ್ಟಗಳಲ್ಲಿ ಉಪ್ಪು, ಒಣಮೀನು ಹತ್ತುತ್ತಿತ್ತು, ಅಕ್ಕಿ, ಮೆಣಸು ಇಳಿಯುತ್ತಿತ್ತು. ಎರಡು ಕಡೆಯವರಿಗೂ ತಮ್ಮಲ್ಲಿ ಇಲ್ಲದ್ದು ಬೇಕಾಗಿತ್ತು. ಈಗ ನಾವೇ ಮೂಟೆಗಳಾಗಿ ಹತ್ತಿ ಇಳಿಯುತ್ತಿದ್ದೇವೆ. ಭಾನುವಾರ ಸಂಜೆ ಎರಡೂ ಕಡೆಯ ಮಾಲು ವಾಪಸ್.

ಹೋದ ಜನವರಿಯಲ್ಲಿ ಅಪ್ಪನನ್ನೂ ಹೀಗೆ ಹತ್ತಿಸಿದೆ. ಅವರಿಗೆ 78. "ಸಕಲೇಶಪುರಕ್ಕೆ ಹೋಗುವ, ಎರಡು ದಿನ" ಅಂದಾಗ ಮೊದಲು ಬಂದ ಉತ್ತರ, "ಅಲ್ಲಿ ಎಂತ ಉಂಟು?" ನಾನು ಹೇಳಿದೆ, "ಮೂಟೆ ಎಲ್ಲಿಂದ ಬರ್ತದೆ ಅಂತ ನೋಡಿಕೊಂಡು ಬರುವ." ಅಪ್ಪ ಏನೂ ಹೇಳಲಿಲ್ಲ. ಮರುದಿನ ನೋಡಿದರೆ ಚಪ್ಪಲಿ ಬದಲು ಶೂ ಹಾಕಿಕೊಂಡು ಆರು ಗಂಟೆಗೇ ಗೇಟಿನ ಹತ್ತಿರ ನಿಂತಿದ್ದರು.

ನಾನು ಬುಕ್ ಮಾಡಿದ ಜಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫೋಟೋದಲ್ಲಿ ಇದ್ದ ಹಳೇ ಬಂಗಲೆ ಯಜಮಾನರದ್ದು, ನಮಗೆ ಕೊಟ್ಟದ್ದು ಹಿಂದಿನ ತಗಡಿನ ಶೆಡ್ಡು. ರಾತ್ರಿ ಕ್ಯಾಂಪ್‌ಫೈರ್ ಹೆಸರಿನಲ್ಲಿ ಹನ್ನೊಂದೂವರೆವರೆಗೆ ಡಿಜೆ. ಎಸ್ಟೇಟ್ ವಾಕ್ ಅಂದರೆ ಇಪ್ಪತ್ತು ನಿಮಿಷ ನಡೆಸಿ, ಕೊನೆಗೆ ಕಾಫಿಪುಡಿ ಅಂಗಡಿಯಲ್ಲಿ ಬಿಡುವುದು. ನನಗೆ ಕಣ್ಣಲ್ಲಿ ನೀರು ಬರುವಷ್ಟು ಸಿಟ್ಟು. ಅಪ್ಪ ಮಾತ್ರ ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಬೆಳಿಗ್ಗೆ ಏಳುವಷ್ಟರಲ್ಲಿ ಮನುಷ್ಯ ನಾಪತ್ತೆ. ಹುಡುಕಿಕೊಂಡು ಹೋದರೆ ಪಕ್ಕದ ಎಸ್ಟೇಟಿನ ಕಣದಲ್ಲಿ, ಮಂಕಿ ಟೋಪಿ ಹಾಕಿಕೊಂಡು, ಹರವಿದ ಕಾಫಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಎದುರಿಗೆ ಆ ಎಸ್ಟೇಟಿನ ರೈಟರ್, ಅಂದರೆ ಲೆಕ್ಕಪತ್ರ ನೋಡುವ ಗುಮಾಸ್ತ. ಇಬ್ಬರೂ ಮಂಗಳೂರಿನ ಮಂಡಿಗಳ ಹೆಸರು ಒಂದೊಂದಾಗಿ ಹೇಳಿ, ಯಾವುದು ಇದೆ, ಯಾವುದು ಮುಚ್ಚಿತು ಅಂತ ತಾಳೆ ನೋಡುತ್ತಿದ್ದಾರೆ.

ಆ ರೈಟರ್ ನಮ್ಮನ್ನು ತೋಟದೊಳಗೆ ಕರೆದುಕೊಂಡು ಹೋದರು. ಇಬ್ಬನಿ ಇನ್ನೂ ಆರಿರಲಿಲ್ಲ. ಸಿಲ್ವರ್ ಓಕ್ ಮರಗಳು ಉದ್ದಕ್ಕೆ ನಿಂತಿದ್ದವು, ಬುಡದಿಂದ ಎರಡಾಳೆತ್ತರದವರೆಗೆ ಮೆಣಸಿನ ಬಳ್ಳಿ. ಎಲೆಯ ಕೆಳಗೆ ಗೊಂಚಲುಗಳು ಇಳಿಬಿದ್ದಿದ್ದವು, ಬೆರಳುದ್ದ, ಹಸಿರು, ಕಾಳಿಗೆ ಕಾಳು ಅಂಟಿಕೊಂಡು. ಅಪ್ಪ ಒಂದು ಮರದ ಹತ್ತಿರ ಹೋಗಿ ನಿಂತರು. ಬಳ್ಳಿಯನ್ನು ಮುಟ್ಟಲಿಲ್ಲ. ತಲೆ ಎತ್ತಿ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದರು. ಕೊಟ್ಟಿಗೆಗೆ ಬಂದ ಹೊಸ ದನವನ್ನು ನೋಡುವ ಹಾಗೆ.

"ಇಷ್ಟು ಎತ್ತರ ಹತ್ತಿ ಕೊಯ್ಯುವುದು ಹೇಗೆ?" ಅಂತ ಕೇಳಿದರು.

"ಏಣಿ ಸಾರ್. ಒಂದೇ ಬಿದಿರಿಂದು. ಈಗೀಗ ಹತ್ತೋ ಜನ ಸಿಕ್ಕಲ್ಲ."

"ಬಿದ್ದರೆ?"

"ಬೀಳ್ತಾರೆ ಸಾರ್."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. 34 ವರ್ಷ ಮೂಟೆಯ ಲೆಕ್ಕ ಬರೆದವರಿಗೆ ಏಣಿಯ ವಿಷಯ ಯಾರೂ ಹೇಳಿರಲಿಲ್ಲ ಅಂತ ಕಾಣುತ್ತದೆ. ಆಮೇಲೆ ಕೊಯ್ಲು ಯಾವಾಗ ಅಂತ ಕೇಳಿದರು. ಇನ್ನೂ ಹದಿನೈದು ದಿನ ಬೇಕು, ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾಗಬೇಕು ಅಂದರು ರೈಟರ್. ಅಪ್ಪ ತಲೆಯಾಡಿಸಿದರು. ರೈಟರ್ ಆ ಕಡೆ ತಿರುಗಿದ್ದೇ ತಡ, ಕೈಗೆಟುಕುವ ಒಂದು ಗೊಂಚಲನ್ನು ಚಿವುಟಿ ಅಂಗಿಯ ಜೇಬಿಗೆ ಹಾಕಿಕೊಂಡರು. 78 ವರ್ಷದ ಕಳ್ಳ. ನಾನು ನೋಡಿಲ್ಲದ ಹಾಗೆ ಇದ್ದೆ.

ಹಿಂದೆ ಬರುವಾಗ ರೈಟರ್ ತಮ್ಮ ಗೋದಾಮಿನ ಮಾಡು ತೋರಿಸಿದರು. ಹೆಂಚು ಬದಲಿಸುತ್ತಿದ್ದರು, ಕೆಳಗೆ ಹಳೆಯ ಹೆಂಚಿನ ರಾಶಿ. ಒಂದನ್ನು ತಿರುವಿ ನೋಡಿದರೆ ಅಚ್ಚಿನಲ್ಲಿ ಮಂಗಳೂರಿನ ಹೆಸರು, ಇಂಗ್ಲಿಷ್ ಅಕ್ಷರಗಳಲ್ಲಿ, ಪಾಚಿ ತುಂಬಿಕೊಂಡು. ಬಾಸೆಲ್ ಮಿಷನ್‌ನವರು ನಮ್ಮ ನದಿಗಳ ಆವೆಮಣ್ಣಿನಿಂದ ಹೆಂಚು ಮಾಡಲು ಶುರು ಮಾಡಿದ್ದು 1865ರಲ್ಲಿ. ಆಮೇಲೆ ಊರು ತುಂಬ ಹೆಂಚಿನ ಕಾರ್ಖಾನೆಗಳಾದವು. ಮೂಟೆ ಇಳಿಸಿದ ಗಾಡಿ ಖಾಲಿ ಹೋಗಬಾರದಲ್ಲ, ಹೆಂಚು ಹೇರಿಕೊಂಡು ಹತ್ತಿರಬೇಕು. ಅಪ್ಪ ಹೆಂಚನ್ನು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ ಸದ್ದು ಕೇಳಿ, "ಇನ್ನೂ ಐವತ್ತು ವರ್ಷ ಬರ್ತದೆ, ಬಿಸಾಡಬೇಡಿ" ಅಂದರು.

ವಾಪಸ್ ಬರುವ ದಾರಿಯಲ್ಲಿ ಮಂಜರಾಬಾದ್. ಅಪ್ಪನಿಗೆ ಮೆಟ್ಟಿಲು ಆಗುವುದಿಲ್ಲ. ಮಂಡಿಯಲ್ಲಿ ಕೂತು ಕೂತು ಮಂಡಿ ಹೋಯಿತು ಅಂತ ಅವರದ್ದೇ ಜೋಕು, ವರ್ಷಕ್ಕೆ ನೂರು ಸಲ ಹೇಳುತ್ತಾರೆ. ಅವರನ್ನು ಕೆಳಗೆ ಎಳನೀರಿನವನ ಸ್ಟೂಲಿನ ಮೇಲೆ ಕೂರಿಸಿ ನಾನೊಬ್ಬಳೇ ಹತ್ತಿದೆ. ಎಂಟು ಮೂಲೆಯ ನಕ್ಷತ್ರದ ಕೋಟೆ. ಆಕಾಶ ಶುಭ್ರ ಇದ್ದರೆ ಅಲ್ಲಿಂದ ಕಡಲು ಕಾಣುತ್ತದೆ ಅನ್ನುತ್ತಾರೆ. ನನಗೆ ಕಂಡದ್ದು ಘಟ್ಟದ ಮೇಲೆ ಘಟ್ಟ, ಅದರಾಚೆ ಬಿಳಿ ಮಂಜು. ಕೆಳಗೆ ಬಂದಾಗ ಅಪ್ಪ ಕೇಳಿದರು, "ಕಂಡಿತಾ ಕಡಲು?"

"ಇಲ್ಲ ಅಪ್ಪ, ಬರೀ ಮಂಜು."

"ಮೊನ್ನೆ ನೋಡಿದ್ದಲ್ವಾ, ಸಾಕು ಬಿಡು."

ಕಲ್ಲಡ್ಕದಲ್ಲಿ ಕೆಟಿ ಕುಡಿದೆವು. ಹಾಲು ಕೆಳಗೆ, ಚಾ ಮೇಲೆ, ಅದನ್ನು ಕಲಸಿ ಕುಡಿಯಬೇಕಾ ಹಾಗೇ ಕುಡಿಯಬೇಕಾ ಅನ್ನುವ ಜಗಳ ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಬಿ.ಸಿ.ರೋಡಿನ ಹತ್ತಿರ ಎಂದಿನಂತೆ ಗಾಡಿಗಳ ಸಾಲು. ಪಡೀಲ್ ದಾಟಿದ ಮೇಲೆ ಅಪ್ಪ, "ಬಂದರಿನ ಮೇಲೆ ಹೋಗುವ" ಅಂದರು. ಸುತ್ತು ದಾರಿ. ರಾತ್ರಿ ಒಂಬತ್ತು ಗಂಟೆ. ಭಾನುವಾರವಾದ್ದರಿಂದ ಎಲ್ಲ ಬಾಗಿಲೂ ಹಾಕಿತ್ತು. ಅವರ ಮಂಡಿ ಇದ್ದ ಕಡೆ ಈಗ ಮೊಬೈಲ್ ಬಿಡಿಭಾಗಗಳ ಗೋದಾಮು. ಅಪ್ಪ ಗಾಜು ಇಳಿಸಿ ಕೂತಿದ್ದರು. ನಾನು ಮೆಲ್ಲಗೆ ಓಡಿಸಿದೆ. ಎರಡು ಬೀದಿ ದಾಟಿದ ಮೇಲೆ ಒಂದು ಕಡೆ ವಾಸನೆ ಬಂತು. "ಏಲಕ್ಕಿ" ಅಂದರು, ಗಾಜು ಏರಿಸಿದರು.

ಆ ಗೊಂಚಲನ್ನು ಅಪ್ಪ ಮರುದಿನದಿಂದ ಟೆರೇಸಿನಲ್ಲಿ ಅಡಿಕೆ ಹಾಳೆಯ ತಟ್ಟೆಯ ಮೇಲೆ ಒಣಗಿಸಿದರು. ಕಾಗೆಗೆ ಹೆದರಿ ಮೇಲೊಂದು ಜರಡಿ. ಸಂಜೆ ಒಳಗೆ, ಬೆಳಿಗ್ಗೆ ಹೊರಗೆ. ಐದನೇ ದಿನ ಕಾಳು ಕಪ್ಪಾಗಿ ಸುಕ್ಕಾಯಿತು. ಬಿಡಿಸಿದರೆ ಒಂದು ಚಿಟಿಕೆಗಿಂತ ಸ್ವಲ್ಪ ಜಾಸ್ತಿ, ನಲವತ್ತು ಕಾಳು ಇರಬಹುದು. ನಾನು ಬಟ್ಟೆ ಒಣಹಾಕಲು ಹೋದಾಗ ಅಪ್ಪ ಕಟ್ಟೆಯ ಮೇಲೆ ಕೂತು ಅದನ್ನು ಬಲಗೈಯಿಂದ ಎಡಗೈಗೆ, ಎಡಗೈಯಿಂದ ಬಲಗೈಗೆ ಸುರಿಯುತ್ತಿದ್ದರು. ಕಿವಿ ಸ್ವಲ್ಪ ವಾಲಿಸಿದ್ದರು. ಆಮೇಲೆ ಅಂಗೈ ಚಾಚಿ ಮೆತ್ತಗೆ ಊದಿದರು. ಅರ್ಧಕ್ಕರ್ಧ ಹಾರಿ ಹೋಯಿತು.

"ಇನ್ನೆರಡು ವಾರ ಬಿಟ್ಟು ಹೋಗಬೇಕಿತ್ತು ನಾವು" ಅಂದರು. "ಇನ್ನೂ ಬಲಿತಿರಲಿಲ್ಲ."